ಮರೆವಿನ ಕಾಯಿಲೆಗೆ ಮೊದಲೇ ಪರೀಕ್ಷೆ ಮಾಡಿಸಬೇಕಾ, ಬೇಡ್ವಾ? ಹೆಜ್ಜೆ ಹೆಜ್ಜೆಯಾಗಿ ನಿರ್ಧರಿಸುವ ಬಗೆ

ನಮ್ಮ ಅತ್ತೆಯ ಮುಂದೆ ಒಂದು ಖಾಲಿ ಹಾಳೆ ಇಟ್ಟು, ಗಡಿಯಾರ ಬರೆಯಿರಿ ಅಂದರು. ಮುಳ್ಳುಗಳು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಅತ್ತೆ ವೃತ್ತ ಎಳೆದರು. ಅಂಕಿಗಳನ್ನು ಚೆಂದವಾಗಿ ಜೋಡಿಸಿದರು. ಆಮೇಲೆ ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದರು. ಎಷ್ಟು ಗಂಟೆ ಅಂತ ಹೇಳಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ. ಕಿವಿಯ ಮೆಷಿನ್ ಮನೆಯಲ್ಲಿ ಡಬ್ಬಿಯೊಳಗಿತ್ತು. ಪರೀಕ್ಷೆ ಮಾಡುತ್ತಿದ್ದವರು ಮಾಸ್ಕ್ ಹಾಕಿಕೊಂಡಿದ್ದರು. ಅತ್ತೆಗೆ ಅಷ್ಟಾಗಿ ಬಾರದ ಭಾಷೆಯಲ್ಲಿ ಬೇಗ ಬೇಗ ಓದುತ್ತಿದ್ದರು. ಬಂದದ್ದು 30ಕ್ಕೆ 18. "ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾಗಿರಬಹುದು" ಅಂತ ಆಸ್ಪತ್ರೆಯ ವರಾಂಡದಲ್ಲಿ ನಿಂತೇ ಹೇಳಿದರು.

ಮುಂದಿನ ಎರಡು ತಿಂಗಳು ಅತ್ತೆ ಸರಿಯಾಗಿ ನಿದ್ದೆ ಮಾಡಲಿಲ್ಲ. ಏನು ಮಾತಾಡಿದರೂ ಕೊನೆಗೆ "ನಿನ್ನೆನೂ ಇದನ್ನೇ ಹೇಳಿದ್ನೇನೇ?" ಅಂತ ನನ್ನನ್ನು ಕೇಳುತ್ತಿದ್ದರು. ಆಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಕಿವಿ ನೋಡಿದರು. ನಂತರ ಮಾತ್ರೆಗಳ ಪಟ್ಟಿ ಕೇಳಿದರು, ವರ್ಷಗಳಿಂದ ನುಂಗುತ್ತಿದ್ದ ನಿದ್ದೆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಸಿದರು. ರಕ್ತದಲ್ಲಿ ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಮೂರು ತಿಂಗಳಾದ ಮೇಲೆ ಅತ್ತೆಯ ಭಾಷೆಯಲ್ಲೇ, ಕಿವಿಗೆ ಮೆಷಿನ್ ಹಾಕಿಸಿ ಮತ್ತೆ ಪರೀಕ್ಷೆ ಮಾಡಿದರು. 26 ಬಂತು.

ಹಾಗಂತ ಪರೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಯಾವ ಪರೀಕ್ಷೆ, ಯಾಕೆ, ಉತ್ತರ ಬಂದರೆ ಏನು ಮಾಡುತ್ತೇವೆ ಅನ್ನುವುದನ್ನು ಯೋಚಿಸದೇ ನಾವು ಹೋಗಿದ್ದೆವು. ನೀವು ಹಾಗೆ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ತೊಂದರೆ ಇದೆಯಾ, ಬರೀ ಭಯ ಇದೆಯಾ?

ಎಲ್ಲಕ್ಕಿಂತ ಮೊದಲು ಇದನ್ನು ಬಿಡಿಸಿಕೊಳ್ಳಿ. ನೆನಪಿನಲ್ಲಿ ಬದಲಾವಣೆ ಕಾಣಿಸುತ್ತಿದ್ದರೆ ಮಾಡಿಸುವುದು ಕಾಯಿಲೆ ಪತ್ತೆಯ ಪರೀಕ್ಷೆ. ಏನೂ ತೊಂದರೆ ಇಲ್ಲ, ಆದರೆ ಮನೆಯಲ್ಲಿ ಯಾರಿಗೋ ಇತ್ತು, ವಯಸ್ಸಾಯ್ತು, ಅದಕ್ಕೆ ಮಾಡಿಸುತ್ತೇವೆ ಅಂದರೆ ಅದು ಸ್ಕ್ರೀನಿಂಗ್. ಎರಡಕ್ಕೂ ಒಂದೇ ಹಾಳೆ, ಒಂದೇ ಪೆನ್ಸಿಲ್ ಬಳಸಬಹುದು. ಆದರೆ ನಿರ್ಧಾರ ಪೂರ್ತಿ ಬೇರೆ.

ಹೆಸರು ನಾಲಿಗೆ ತುದಿಯಲ್ಲಿದ್ದು ಬಾರದೆ, ಅರ್ಧ ಗಂಟೆ ಬಿಟ್ಟು ತಾನಾಗಿ ಹೊಳೆಯುವುದು ಎಲ್ಲರಿಗೂ ಆಗುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದೂ ಹಾಗೆಯೇ. ಗಮನ ಕೊಡಬೇಕಾದ್ದು ಬೇರೆ ಇದೆ. ಉತ್ತರ ಹೇಳಿದ ಹತ್ತೇ ನಿಮಿಷಕ್ಕೆ ಅದೇ ಪ್ರಶ್ನೆ ಮತ್ತೆ ಕೇಳುವುದು. ವರ್ಷಗಟ್ಟಲೆ ಓಡಾಡಿದ ದಾರಿ ತಪ್ಪುವುದು. ಲೆಕ್ಕಪತ್ರ ಚೊಕ್ಕವಾಗಿ ಇಡುತ್ತಿದ್ದವರು ಒಂದೇ ಬಿಲ್ಲನ್ನು ಎರಡು ಸಲ ಕಟ್ಟುವುದು. ಮಾತಿನ ಮಧ್ಯೆ ಸಾಮಾನ್ಯ ಪದಗಳೇ ಸಿಗದಿರುವುದು. ಸದಾ ನಗುತ್ತಿದ್ದವರು ಮೂಲೆ ಸೇರುವುದು, ಇಲ್ಲವೇ ಸುಮ್ನೆ ಸಿಡುಕುವುದು. ಇವು ತಿಂಗಳುಗಳಿಂದ ಜಾಸ್ತಿಯಾಗುತ್ತಿದ್ದರೆ, ಅದರಲ್ಲೂ ಅವರಿಗಿಂತ ಮೊದಲು ಮನೆಯವರ ಕಣ್ಣಿಗೆ ಬಿದ್ದಿದ್ದರೆ, ಮಾಡಿಸಬೇಕಾ ಬೇಡ್ವಾ ಅಂತ ಯೋಚಿಸುವ ಪ್ರಶ್ನೆಯೇ ಇಲ್ಲ. ಡಾಕ್ಟರ್ ಹತ್ತಿರ ಹೋಗಿ. "ಅರವತ್ತಕ್ಕೆ ಅರಳು ಮರಳು" ಅಂತ ತಳ್ಳಿಹಾಕಬೇಡಿ. ಆ ಗಾದೆಯಿಂದ ಎಷ್ಟೋ ಜನಕ್ಕೆ ಚಿಕಿತ್ಸೆ ತಡವಾಗಿದೆ.

ಇನ್ನೊಂದು ಮಾತು. ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ಏಕಾಏಕಿ ಗೊಂದಲಗೊಂಡರೆ, ಹಗಲು ರಾತ್ರಿ ಗೊತ್ತಾಗದಿದ್ದರೆ, ಮಾತು ತೊದಲಿದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು, ಪಾರ್ಶ್ವವಾಯು, ಔಷಧಿಯ ಎಡವಟ್ಟು ಯಾವುದೂ ಇರಬಹುದು. ಅದಕ್ಕೆ ಈ ಲೇಖನ ಓದುತ್ತಾ ಕೂರಬಾರದು.

ಹೆಜ್ಜೆ 2: ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ನೋಡಿಸಿ

ಇದಕ್ಕೆ ಯಾವ ದೊಡ್ಡ ನಿರ್ಧಾರವೂ ಬೇಡ. ತೊಂದರೆ ಇರುವವರು ಎಲ್ಲರೂ ಮಾಡಿಸಬಹುದು, ಮಾಡಿಸಬೇಕು.

ಬಿ12 ಕಡಿಮೆಯಾದರೆ ನೆನಪು ಮಸುಕಾಗುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಗ್ಯಾಸ್ಟ್ರಿಕ್ ಮಾತ್ರೆಯನ್ನೋ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಇದು ಕಡಿಮೆಯಾಗಬಹುದು. ಥೈರಾಯ್ಡ್ ನಿಧಾನವಾದರೂ ತಲೆ ಓಡುವುದಿಲ್ಲ. ಖಿನ್ನತೆ ಇದ್ದಾಗ ಮನಸ್ಸು ಎಲ್ಲೂ ನಿಲ್ಲುವುದಿಲ್ಲ. ಮನಸ್ಸು ನಿಲ್ಲದಿದ್ದರೆ ನೆನಪು ಎಲ್ಲಿಂದ ಉಳಿಯಬೇಕು? ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ನಿಲ್ಲುವ ತೊಂದರೆಯೂ ಹೀಗೇ ಮಾಡುತ್ತದೆ. ಮದ್ಯಪಾನ ಹೇಳಬೇಕಾಗಿಯೇ ಇಲ್ಲ.

ಔಷಧಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ನಿದ್ದೆ ಮಾತ್ರೆ, ಆತಂಕದ ಮಾತ್ರೆ, ಮಂಪರು ಬರಿಸುವ ಹಳೇ ಬಗೆಯ ನೆಗಡಿ ಮತ್ತು ಅಲರ್ಜಿ ಮಾತ್ರೆ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆ, ಇವೆಲ್ಲ ವಯಸ್ಸಾದವರ ನೆನಪನ್ನು ಮಬ್ಬು ಮಾಡಬಲ್ಲವು. ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಮೇಜಿನ ಮೇಲೆ ಸುರಿಯಿರಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅಪಾಯ ಇದೆ.

ಕಿವಿ ಮತ್ತು ಕಣ್ಣು ನೋಡಿಸಿ. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದ್ದರೆ ತಪ್ಪದೆ ಹೇಳಿ, ಒಳಗೆ ನಿಧಾನವಾಗಿ ರಕ್ತ ಶೇಖರವಾಗಿರಬಹುದು. ನೆಲಕ್ಕೆ ಕಾಲು ಅಂಟಿದ ಹಾಗೆ ನಡೆಯುವುದು, ಮೂತ್ರ ತಡೆಯಲು ಆಗದಿರುವುದು, ಮರೆವು ಮೂರೂ ಒಟ್ಟಿಗೆ ಬಂದರೆ ಅದನ್ನೂ ಹೇಳಿ. ಮೆದುಳಿನಲ್ಲಿ ನೀರು ಸೇರಿಕೊಂಡು ಹೀಗಾಗುತ್ತದೆ, ಕೆಲವರಿಗೆ ಆಪರೇಷನ್ ಮಾಡಿ ಸರಿಪಡಿಸಬಹುದು.

ಹೆಜ್ಜೆ 3: ಯಾವ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

"ಮೆಮೊರಿ ಟೆಸ್ಟ್" ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ವಿಷಯಗಳಿವೆ.

*ಹಾಳೆ ಮತ್ತು ಪೆನ್ಸಿಲ್ ಪರೀಕ್ಷೆ.* ಮಿನಿ-ಕಾಗ್ ಮೂರೇ ನಿಮಿಷದ್ದು: ಮೂರು ಪದ ನೆನಪಿಡಬೇಕು, ಗಡಿಯಾರ ಬರೆಯಬೇಕು. 1975ರಲ್ಲಿ ಬಂದ ಎಂಎಂಎಸ್‌ಇ ಮತ್ತು 2005ರಲ್ಲಿ ಪ್ರಕಟವಾದ ಮೋಕಾ ಎರಡಕ್ಕೂ 30 ಅಂಕ. ಮೋಕಾದಲ್ಲಿ 26 ಬಂದರೆ ಸಾಮಾನ್ಯ ಅಂತ ಲೆಕ್ಕ. ಓದಿದ್ದು 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 1 ಅಂಕ ಸೇರಿಸುತ್ತಾರೆ. ಓದು, ಭಾಷೆ, ಕಿವಿ, ಹಿಂದಿನ ರಾತ್ರಿಯ ನಿದ್ದೆ ಎಲ್ಲವೂ ಈ ಅಂಕವನ್ನು ಅಲುಗಾಡಿಸುತ್ತವೆ. ಕಡಿಮೆ ಬಂದರೆ "ಇನ್ನೂ ನೋಡಬೇಕು" ಅಂತ ಅರ್ಥ, ಕಾಯಿಲೆ ಇದೆ ಅಂತ ಅಲ್ಲ. ತುಂಬಾ ಓದಿದವರಲ್ಲಿ ಇದರ ಉಲ್ಟಾ ಆಗುತ್ತದೆ: ಕಾಯಿಲೆ ಶುರುವಾಗಿದ್ದರೂ ಅಂಕ ಚೆನ್ನಾಗಿಯೇ ಬರಬಹುದು.

*ಮೆದುಳಿನ ಸ್ಕ್ಯಾನ್.* ಸಿಟಿ ಅಥವಾ ಎಂಆರ್‌ಐ ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಮೆದುಳು ಕುಗ್ಗಿರುವುದನ್ನು ತೋರಿಸುತ್ತದೆ. ಏನೂ ತೊಂದರೆ ಇಲ್ಲದವರು ಸುಮ್ನೆ ಮಾಡಿಸಿದರೆ ಸಿಗುವುದು ಹೆಚ್ಚಾಗಿ ಸಂಬಂಧವಿಲ್ಲದ ಸಣ್ಣಪುಟ್ಟ ಚುಕ್ಕೆಗಳು, ಅವುಗಳ ಜೊತೆ ಹೊಸ ಭಯ.

*ಅಮಿಲಾಯ್ಡ್ ಮತ್ತು ಟೌ ಪರೀಕ್ಷೆ.* ಈಗ ಎಲ್ಲರೂ ಕೇಳುತ್ತಿರುವುದು ಇದನ್ನೇ. ಡಿಮೆನ್ಷಿಯಾದ ಬಗೆಗಳಲ್ಲಿ ಜಾಸ್ತಿ ಕಾಣುವ ಅಲ್ಝೈಮರ್ ಕಾಯಿಲೆಯಲ್ಲಿ ಟೌ ಅನ್ನುವ ಪ್ರೋಟೀನ್ ಕೆಡುತ್ತದೆ, ಅಮಿಲಾಯ್ಡ್ ಅನ್ನುವ ಇನ್ನೊಂದು ಪ್ರೋಟೀನ್ ಮೆದುಳಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮರೆವು ಕಾಣಿಸುವುದಕ್ಕೆ 15ರಿಂದ 20 ವರ್ಷ ಮುಂಚೆಯೇ ಇದು ಶುರುವಾಗಬಹುದು. ಪೆಟ್ ಸ್ಕ್ಯಾನಿನಲ್ಲಿ, ಬೆನ್ನುಹುರಿಯ ನೀರಿನಲ್ಲಿ, ಈಗ ರಕ್ತದಲ್ಲೂ ಇದರ ಸುಳಿವು ಸಿಗುತ್ತದೆ. ಸ್ವೀಡನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೆನಪಿನ ತೊಂದರೆ ಹೇಳಿಕೊಂಡು ಬಂದ ಸುಮಾರು 1,200 ಜನರನ್ನು ನೋಡಿದ್ದರು. ಅಲ್ಝೈಮರ್ ಇದೆಯಾ ಇಲ್ವಾ ಅಂತ ರಕ್ತಪರೀಕ್ಷೆ ಸುಮಾರು 90% ಸರಿಯಾಗಿ ಹೇಳಿತು. ಸಾಮಾನ್ಯ ವೈದ್ಯರ ಅಂದಾಜು 61%, ತಜ್ಞರದು 73% ಸರಿಯಿತ್ತು. ನಿಜಕ್ಕೂ ದೊಡ್ಡ ಸುದ್ದಿ. ಆದರೆ ಗಮನಿಸಿ, ಅವರೆಲ್ಲ ತೊಂದರೆ ಇದ್ದು ಬಂದವರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಇಂಥ ರಕ್ತಪರೀಕ್ಷೆಯೊಂದಕ್ಕೆ ಮೊದಲ ಸಲ ಒಪ್ಪಿಗೆ ಕೊಟ್ಟಾಗಲೂ, ಲಕ್ಷಣ ಇರುವವರಿಗೆ ಮಾತ್ರ ಅಂತಲೇ ಹೇಳಿತು. ಚೆನ್ನಾಗಿರುವವರಲ್ಲಿ ಅಮಿಲಾಯ್ಡ್ ಸಿಕ್ಕರೆ ಕಾಯಿಲೆ ಬಂದೇ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಮೆದುಳಿನಲ್ಲಿ ಅದನ್ನು ಇಟ್ಟುಕೊಂಡೇ ಕೊನೆಯವರೆಗೂ ನೆನಪು ಗಟ್ಟಿಯಾಗಿದ್ದವರು ಎಷ್ಟೋ ಜನ.

*ಜೀನ್ ಪರೀಕ್ಷೆ.* ಇಲ್ಲಿ ಎರಡು ಬಗೆ. ಎಪಿಒಇ4 ಅನ್ನುವುದು ಅಪಾಯ ಹೆಚ್ಚಿಸುವ ಜೀನ್. ಅಪ್ಪನಿಂದಲೋ ಅಮ್ಮನಿಂದಲೋ ಒಂದು ಬಂದಿದ್ದರೆ ಅಪಾಯ ಎರಡು ಮೂರು ಪಟ್ಟು ಆಗುತ್ತದೆ. ಇಬ್ಬರಿಂದಲೂ ಬಂದಿದ್ದರೆ ಅದಕ್ಕಿಂತ ತುಂಬಾ ಜಾಸ್ತಿ. ಆದರೂ ಅದಿದ್ದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಇನ್ನೊಂದು ಬಗೆ ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಜೀನುಗಳಲ್ಲಿನ ದೋಷ. ಇದು ಬಹಳ ಅಪರೂಪ, ಆದರೆ ಇದ್ದರೆ ಕಾಯಿಲೆ ಬಹುಪಾಲು ಖಚಿತ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಎರಡು ಮೂರು ತಲೆಮಾರಿನವರಿಗೆ 30, 40, 50ರ ವಯಸ್ಸಿನಲ್ಲೇ ಬಂದಿದ್ದರೆ ಮಾತ್ರ ಈ ಪರೀಕ್ಷೆಯ ಯೋಚನೆ ಮಾಡಬೇಕು. ಅದೂ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿದ ಮೇಲೆ.

ಹೆಜ್ಜೆ 4: ಒಂದು ಲೆಕ್ಕ ಹಾಕಿ ನೋಡಿ

ಲಕ್ಷಣ ಇಲ್ಲದ 1,000 ಜನರಿಗೆ ಪರೀಕ್ಷೆ ಮಾಡಿದರು ಅಂತ ಇಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು 50 ಅಂದುಕೊಳ್ಳೋಣ. ಪರೀಕ್ಷೆ ಎರಡೂ ಕಡೆ 80% ಸರಿ: ಇದ್ದವರಲ್ಲಿ 80% ಜನರಿಗೆ ಇದೆ ಅನ್ನುತ್ತದೆ, ಇಲ್ಲದವರಲ್ಲಿ 80% ಜನರಿಗೆ ಇಲ್ಲ ಅನ್ನುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ?

ಈಗ ಎಣಿಸಿ. 50ರಲ್ಲಿ 40 ಜನ ಸಿಕ್ಕರು, 10 ಜನ ತಪ್ಪಿಹೋದರು. ಉಳಿದ 950 ಜನರಲ್ಲಿ ಐದರಲ್ಲೊಂದು ಪಾಲು, ಅಂದರೆ 190 ಜನರಿಗೆ ಇಲ್ಲದ ಕಾಯಿಲೆ ಇದೆ ಅಂತ ಬಂತು. ಒಟ್ಟು 230 ಜನ ಹೆದರಿ ಮನೆಗೆ ಹೋದರು. ಅವರಲ್ಲಿ ನಿಜವಾಗಿ ಕಾಯಿಲೆ ಇದ್ದದ್ದು 40 ಜನಕ್ಕೆ.

ಅದೇ ಪರೀಕ್ಷೆಯನ್ನು ತೊಂದರೆ ಇರುವ 1,000 ಜನರಿಗೆ ಮಾಡಿ, ಅವರಲ್ಲಿ ಅರ್ಧ ಜನಕ್ಕೆ ಕಾಯಿಲೆ ಇದೆ ಅನ್ನಿ. ಆಗ ಇದೆ ಅಂತ ಬಂದ 500 ಜನರಲ್ಲಿ 400 ಜನರದು ನಿಜ. ಪರೀಕ್ಷೆ ಬದಲಾಗಲಿಲ್ಲ, ಮಾಡಿಸಿಕೊಂಡವರು ಬದಲಾದರು, ಅಷ್ಟೇ. ಮೊದಲ ಹೆಜ್ಜೆಗೆ ನಾನು ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ.

ಯಾರಿಗೆ ಯಾವ ಸ್ಕ್ರೀನಿಂಗ್ ಬೇಕು ಅಂತ ಸಲಹೆ ಕೊಡುವ ತಜ್ಞರ ತಂಡವಾದ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2020ರಲ್ಲಿ ಈ ವಿಷಯ ಪರಿಶೀಲಿಸಿತು. ಲಕ್ಷಣ ಇಲ್ಲದ ಹಿರಿಯರಿಗೆಲ್ಲ ಸ್ಕ್ರೀನಿಂಗ್ ಮಾಡಿ ಅಥವಾ ಮಾಡಬೇಡಿ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದಿತು. ಅಲ್ಲಿನ ಇಂಡಿಯಾನಾ ರಾಜ್ಯದಲ್ಲಿ 4,005 ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ ಸ್ಕ್ರೀನಿಂಗ್ ಮಾಡಿಸಿಕೊಂಡವರ ಬದುಕಿನ ಗುಣಮಟ್ಟ ಹೆಚ್ಚಲಿಲ್ಲ. ಅವರಿಗೆ ಖಿನ್ನತೆ, ಆತಂಕವೂ ಜಾಸ್ತಿಯಾಗಲಿಲ್ಲ. ಹಾಗಾಗಿ ಇದು ಎರಡೂ ಕಡೆ ಸಮಾಧಾನ ಹೇಳುವ ಮಾತು: ಮಾಡಿಸದಿದ್ದರೆ ದೊಡ್ಡ ತಪ್ಪು ಮಾಡಿದಿರಿ ಅಂತಲ್ಲ, ಮಾಡಿಸಿದರೆ ಕುಸಿದು ಹೋಗುತ್ತೀರಿ ಅಂತಲೂ ಅಲ್ಲ.

ಹೆಜ್ಜೆ 5: "ಇದೆ ಅಂತ ಬಂದರೆ ನಾಳೆ ಬೆಳಿಗ್ಗೆ ಏನು ಮಾಡ್ತೀನಿ?"

ಅತ್ತೆಯ ವಿಷಯ ಸರಿಹೋದ ಮೇಲೆ ನಮ್ಮ ಯಜಮಾನರಿಗೆ ಚಿಂತೆ ಹತ್ತಿತು. ಅವರ ಅಜ್ಜಿಗೆ ಕೊನೆಯ ವರ್ಷಗಳಲ್ಲಿ ಮನೆಯವರ ಗುರುತೇ ಸಿಗುತ್ತಿರಲಿಲ್ಲ. ಒಂದು ರಾತ್ರಿ "ನಾನೂ ಜೀನ್ ಟೆಸ್ಟ್ ಮಾಡಿಸ್ಕೊಳ್ಲಾ, ಏನ್ ಹೇಳ್ತೀಯ?" ಅಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಹಾಳೆ ಕೊಟ್ಟೆ. ಇದೆ ಅಂತ ಬಂದರೆ ಮಾರನೇ ದಿನದಿಂದ ಏನೇನು ಮಾಡುತ್ತೀರೋ ಅದಷ್ಟನ್ನೂ ಬರೆಯಿರಿ ಅಂದೆ.

ಅವರು ಬರೆದದ್ದು: ದಿನಾ ನಡೆಯುವುದು. ಬಿಪಿ ನೋಡಿಕೊಳ್ಳುವುದು. ಸಿಗರೇಟ್ ಬಿಡುವುದು. ಉಯಿಲು ಮಾಡಿಸುವುದು. ಬ್ಯಾಂಕ್ ಖಾತೆಗಳನ್ನು ನನಗೆ ತಿಳಿಸುವುದು. ತಂಗಿಯ ಜೊತೆ ಮುರಿದುಹೋದ ಮಾತು ಮತ್ತೆ ಶುರು ಮಾಡುವುದು.

ಆಮೇಲೆ ಅದೇ ಹಾಳೆಯ ಹಿಂದೆ, ಇಲ್ಲ ಅಂತ ಬಂದರೆ ಇದರಲ್ಲಿ ಯಾವುದನ್ನು ಬಿಡುತ್ತೀರಿ ಅಂತ ಬರೆಯಲು ಹೇಳಿದೆ. ತುಂಬಾ ಹೊತ್ತು ಪೆನ್ನು ಹಿಡಿದು ಕೂತರು. ಏನೂ ಬರೆಯಲಿಲ್ಲ. ಸದ್ಯಕ್ಕೆ ಪರೀಕ್ಷೆ ಬೇಡ ಅಂತ ಅವರೇ ಹೇಳಿದರು.

ಅವರ ತಂಗಿ ಅದೇ ಅಜ್ಜಿಯ ಮೊಮ್ಮಗಳು. ಆಕೆ ಮಾಡಿಸಿಕೊಂಡಳು. ಆಕೆಯ ಹಾಳೆಯಲ್ಲಿ ಬೇರೆಯದಿತ್ತು: ಕೆಲಸ ಯಾವಾಗ ಬಿಡಬೇಕು, ದುಡ್ಡನ್ನು ಯಾವುದರಲ್ಲಿ ಹಾಕಬೇಕು, ಯಾವ ಊರಿನಲ್ಲಿ ಇರಬೇಕು. ಉತ್ತರಕ್ಕೆ ತಕ್ಕ ಹಾಗೆ ಅವಳ ದಾರಿ ನಿಜಕ್ಕೂ ಬದಲಾಗುತ್ತಿತ್ತು. ಗೊತ್ತಿಲ್ಲದೇ ಇರುವುದೇ ಅವಳಿಗೆ ಹೆಚ್ಚು ಹಿಂಸೆಯಾಗಿತ್ತು. ನನ್ನ ಪ್ರಕಾರ ಇಬ್ಬರೂ ಸರಿ.

ಈ ಹಾಳೆ ಬರೆಯುವಾಗ ಎರಡು ವಿಷಯ ಗೊತ್ತಿರಲಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ನಾವು ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಧೂಮಪಾನ, ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಒಂಟಿತನ, ಖಿನ್ನತೆ, ತಲೆಗೆ ಪೆಟ್ಟು ಅದರಲ್ಲಿವೆ. ಎಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಸುಮಾರು 45% ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಇದಕ್ಕೆ ಯಾವ ಜೀನ್ ರಿಪೋರ್ಟೂ ಬೇಕಿಲ್ಲ.

ಎರಡನೆಯದು ಔಷಧಿ. ಲೆಕನೆಮ್ಯಾಬ್ (2023) ಮತ್ತು ಡೊನನೆಮ್ಯಾಬ್ (2024) ಅನ್ನುವ ಔಷಧಿಗಳಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಇವು ಅಲ್ಝೈಮರ್ ವಾಸಿ ಮಾಡುವುದಿಲ್ಲ, ಅದರ ವೇಗ ತಗ್ಗಿಸುತ್ತವೆ. ಲೆಕನೆಮ್ಯಾಬ್ ಕೊಟ್ಟವರಲ್ಲಿ 18 ತಿಂಗಳಲ್ಲಿ ನೆನಪು, ಯೋಚನಾಶಕ್ತಿಯ ಇಳಿಕೆ, ಕೊಡದವರಿಗಿಂತ 27% ನಿಧಾನವಾಯಿತು. ಮೆದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯವಿದೆ, ಅದಕ್ಕೆ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಎರಡು ಎಪಿಒಇ4 ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಇವನ್ನು ಕೊಡುವುದು ಕಾಯಿಲೆಯ ಶುರುವಿನ ಹಂತದಲ್ಲಿ ಮಾತ್ರ. ಹಾಗಾಗಿ ಲಕ್ಷಣ ಕಂಡಿದ್ದರೆ ತಡ ಮಾಡದಿರಲು ಇದೊಂದು ಗಟ್ಟಿ ಕಾರಣ. ಲಕ್ಷಣವೇ ಇಲ್ಲದವರಿಗೆ ಈ ಒಪ್ಪಿಗೆ ಅನ್ವಯಿಸುವುದಿಲ್ಲ.

ಹೆಜ್ಜೆ 6: ಯಾರ ತಲೆಯೋ ಅವರ ತೀರ್ಮಾನ

ನಮ್ಮಲ್ಲಿ ಮಕ್ಕಳೇ ಎಲ್ಲ ತೀರ್ಮಾನ ಮಾಡಿ, "ಸುಮ್ನೆ ಒಂದು ಚೆಕಪ್ಪು" ಅಂತ ಹೇಳಿ ಕರೆದುಕೊಂಡು ಹೋಗಿಬಿಡುತ್ತೇವೆ. ನಾವೂ ಅದನ್ನೇ ಮಾಡಿದೆವು. ದಯವಿಟ್ಟು ಹಾಗೆ ಮಾಡಬೇಡಿ. ಏನು ಪರೀಕ್ಷೆ, ಯಾಕೆ ಅಂತ ಕೂರಿಸಿಕೊಂಡು ಹೇಳಿ. ಫಲಿತಾಂಶ ಪೂರ್ತಿ ಕೇಳಬೇಕಾ, ಯಾರ ಮುಂದೆ ಕೇಳಬೇಕು ಅಂತ ಮೊದಲೇ ಅವರನ್ನೇ ಕೇಳಿ. ಬೇಡ ಅಂದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾತಾಡಿ. "ನಿಮಗೆ ಮರೆವು" ಅನ್ನುವುದಕ್ಕಿಂತ "ಇತ್ತೀಚೆಗೆ ನಿಮಗೆ ಸುಸ್ತು ಕಾಣುತ್ತೆ, ಬಿ12, ಥೈರಾಯ್ಡ್ ನೋಡಿಸೋಣ" ಅಂದರೆ ಎಷ್ಟೋ ಹಿರಿಯರು ಬರುತ್ತಾರೆ. ಅದು ಸುಳ್ಳೂ ಅಲ್ಲ, ಮೊದಲು ನೋಡಬೇಕಾದ್ದು ಅದನ್ನೇ.

ತಿಳಿಯದಿರುವುದೂ ಒಂದು ಹಕ್ಕು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಇಡೀ ಜೀನೋಮ್ ಓದಿಸಿದರು, ಜಗತ್ತಿಗೆ ತೆರೆದಿಟ್ಟರು. ಎಪಿಒಇ ಭಾಗವನ್ನು ಮಾತ್ರ ತನಗೂ ಹೇಳಬೇಡಿ ಅಂದರು. ಅವರ ಅಜ್ಜಿಗೆ ಅಲ್ಝೈಮರ್ ಇತ್ತು. ಇನ್ನೊಂದು ಕಡೆ, ಅಲ್ಝೈಮರ್ ಇದ್ದವರ 162 ವಯಸ್ಕ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ರಿವೀಲ್ ಅಧ್ಯಯನದಲ್ಲಿ, ಈ ಫಲಿತಾಂಶ ತಿಳಿದವರಿಗೆ ಆ ಒಂದು ವರ್ಷದಲ್ಲಿ ದೊಡ್ಡ ಮಾನಸಿಕ ಪೆಟ್ಟೇನೂ ಕಾಣಲಿಲ್ಲ. ಆದರೆ ಅವರೆಲ್ಲ ತಾವಾಗಿ ಮುಂದೆ ಬಂದವರು, ಅವರಿಗೆ ಸರಿಯಾದ ಕೌನ್ಸೆಲಿಂಗ್ ಸಿಕ್ಕಿತ್ತು. ಮನೆಗೆ ತರಿಸಿಕೊಂಡ ಕಿಟ್‌ನಲ್ಲಿ ಉಗುಳಿ ಕಳಿಸಿ, ಮೊಬೈಲಿನಲ್ಲಿ ಒಬ್ಬರೇ ಫಲಿತಾಂಶ ನೋಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಜೀನ್ ಫಲಿತಾಂಶ ಒಬ್ಬರದೇ ಆಗಿ ಉಳಿಯುವುದಿಲ್ಲ. ನಿಮಗೆ ಎರಡು ಎಪಿಒಇ4 ಇದ್ದರೆ ನಿಮ್ಮ ಪ್ರತಿ ಮಗುವಿಗೂ ಕನಿಷ್ಠ ಒಂದು ಇದ್ದೇ ಇರುತ್ತದೆ. ಅವರು ಕೇಳದೆಯೇ ಅವರಿಗೆ ಉತ್ತರ ಕೊಟ್ಟ ಹಾಗೆ.

ವಿಮೆ ಬಗ್ಗೆ ಚಿಕ್ಕದಾಗಿ: ಫಲಿತಾಂಶ ದಾಖಲೆಗೆ ಸೇರಿದ ಮೇಲೆ ಹೊಸ ಪಾಲಿಸಿಗೆ ತೊಂದರೆಯಾಗಬಹುದು. ನಿಮ್ಮಲ್ಲಿ ನಿಯಮ ಏನಿದೆ ಅಂತ ಪರೀಕ್ಷೆಗೆ ಮುಂಚೆ ವಿಚಾರಿಸಿ.

ಹೆಜ್ಜೆ 7: ಮಾಡಿಸುವುದಾದರೆ, ಆ ದಿನದ ತಯಾರಿ

ಕಿವಿಯ ಮೆಷಿನ್, ಹೊಸ ಬ್ಯಾಟರಿ, ಕನ್ನಡಕ. ಇವು ಮೂರು ಚೀಲದಲ್ಲಿ ಇವೆಯಾ ಅಂತ ಬಾಗಿಲು ದಾಟುವ ಮುಂಚೆ ನೋಡಿ. ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ಪರೀಕ್ಷೆ ಮಾಡಿ ಅಂತ ಮೊದಲೇ ಕೇಳಿ. ಆಗುವುದಿಲ್ಲ ಅಂದರೆ ಬೇರೆ ಕಡೆ ಹೋಗಿ. ಜ್ವರ ಇದ್ದರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿದ್ದರೆ ದಿನ ಮುಂದೂಡಿ. ಫೋನಿನಲ್ಲಿ ಪ್ರಶ್ನೆ ಹುಡುಕಿ ಅಭ್ಯಾಸ ಮಾಡಿಸಬೇಡಿ, ಅಂಕ ಜಾಸ್ತಿ ಬಂದರೆ ಮೋಸ ಹೋಗುವವರು ನಾವೇ. ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ. ತುಂಬಾ ಕಷ್ಟ ಇದು, ಗೊತ್ತು. ಗಡಿಯಾರದ ಮುಳ್ಳು ಎಲ್ಲಿರಬೇಕು ಅಂತ ಹೇಳಿಬಿಡೋಣ ಅಂತ ನನಗೂ ಬಾಯಿ ತುದಿಗೆ ಬಂದಿತ್ತು.

ನೀವು ಕಂಡ ಬದಲಾವಣೆಗಳನ್ನು ತಾರೀಖಿನ ಸಮೇತ ಬರೆದುಕೊಂಡು ಹೋಗಿ, ಡಾಕ್ಟರಿಗೆ ಬೇರೆಯಾಗಿ ಕೊಡಿ. ಎಲ್ಲರ ಮುಂದೆ ಅವರ ತಪ್ಪುಗಳನ್ನು ಓದಿ ಹೇಳಿದರೆ ಯಾವ ಹಿರಿಯರಿಗಾದರೂ ಅವಮಾನವಾಗುತ್ತದೆ.

ಹೆಜ್ಜೆ 8: ಉತ್ತರ ಬಂದ ಮೇಲೆ

"ಎಂಸಿಐ" ಅಂತ ಬರೆದಿದ್ದರೆ, ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಮರೆವು, ಆದರೆ ದಿನದ ಕೆಲಸ ತಾವೇ ಮಾಡಿಕೊಳ್ಳಬಲ್ಲರು ಅಂತ ಅರ್ಥ. ಕೆಲವರಲ್ಲಿ ಇದು ಮುಂದೆ ಡಿಮೆನ್ಷಿಯಾ ಆಗುತ್ತದೆ. ಕೆಲವರಲ್ಲಿ ಹಾಗೇ ನಿಲ್ಲುತ್ತದೆ. ಕೆಲವರು ಮತ್ತೆ ಸರಿಯಾಗುತ್ತಾರೆ. ಕಾರಣ ಏನು, ಮತ್ತೆ ಯಾವಾಗ ನೋಡಬೇಕು ಅಂತ ಕೇಳದೆ ಎದ್ದು ಬರಬೇಡಿ.

ಡಿಮೆನ್ಷಿಯಾ ಅಂತಲೇ ಖಚಿತವಾದರೆ, ಯಾವ ಬಗೆ ಅಂತ ಕೇಳಿ. ಜಾಸ್ತಿ ಕಾಣುವುದು ಅಲ್ಝೈಮರ್, ಆದರೆ ರಕ್ತನಾಳದ್ದು, ಲೆವಿ ಬಾಡಿ, ಮೆದುಳಿನ ಮುಂಭಾಗದ್ದು ಬೇರೆ ಬೇರೆ. ಲೆವಿ ಬಾಡಿ ಇದ್ದವರಿಗೆ ಕೆಲವು ಮಾನಸಿಕ ಔಷಧಿಗಳು ತುಂಬಾ ಅಪಾಯ ಮಾಡುತ್ತವೆ. ಆಮೇಲೆ, ಅವರು ಇನ್ನೂ ತಿಳಿದು ಸಹಿ ಹಾಕಬಲ್ಲ ದಿನಗಳಲ್ಲೇ ಉಯಿಲು, ಅಧಿಕಾರ ಪತ್ರ, ಕೊನೆಗಾಲದ ಚಿಕಿತ್ಸೆಯ ಇಷ್ಟಗಳನ್ನು ಅವರ ಬಾಯಿಂದಲೇ ಬರೆಸಿಕೊಳ್ಳಿ. ಬೇಗ ತಿಳಿದದ್ದರಿಂದ ಸಿಗುವ ದೊಡ್ಡ ಉಪಯೋಗ ನನ್ನ ಮಟ್ಟಿಗೆ ಇದೇ: ಅವರ ಮುಂದಿನ ಬದುಕಿನ ಬಗ್ಗೆ ಅವರೇ ಮಾತಾಡಬಹುದು. ಗಾಡಿ ಓಡಿಸುವುದರ ಬಗ್ಗೆಯೂ ಆ ವಾರವೇ ಕೇಳಿ.

ಎಲ್ಲ ಸರಿ ಅಂತ ಬಂದರೆ ಆ ಅಂಕದ ಹಾಳೆ ಎತ್ತಿಡಿ. ಮುಂದೆ ಯಾವಾಗಲಾದರೂ ಅನುಮಾನ ಬಂದಾಗ ಹೋಲಿಸಿ ನೋಡಲು ಅದೇ ಆಧಾರ.

ಬೇಡ ಅಂತ ನಿರ್ಧರಿಸಿದ್ದರೆ

ಅದನ್ನೂ ತಾರೀಖು ಹಾಕಿ ಬರೆದಿಡಿ. ಮತ್ತೆ ಯಾವಾಗ ಯೋಚಿಸುತ್ತೀರಿ ಅಂತಲೂ ಬರೆಯಿರಿ. ಮೊದಲ ಹೆಜ್ಜೆಯಲ್ಲಿ ಹೇಳಿದ ಲಕ್ಷಣ ಯಾವುದಾದರೂ ಕಂಡರೆ ಆ ತಾರೀಖಿಗೆ ಕಾಯಬೇಡಿ. ನಿಮಗೆ ಗೊತ್ತಾಗದೇ ಹೋಗಬಹುದು, ಅದಕ್ಕೆ ಮುಲಾಜಿಲ್ಲದೆ ಹೇಳುವ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ನಮ್ಮ ಯಜಮಾನರು ತಮ್ಮ ಹಾಳೆಯ ಕೆಳಗೆ ನನ್ನ ಹೆಸರು ಬರೆದಿದ್ದಾರೆ, ಅದರ ಕೆಳಗೆ ತಂಗಿಯದನ್ನೂ ಬರೆದಿದ್ದಾರೆ. ಬಿಪಿ ಬರೆಯುವ ಪುಸ್ತಕದೊಳಗೆ ಆ ಹಾಳೆ ಇದೆ. ದಿನಾ ಬೆಳಿಗ್ಗೆ ಅದು ಕಣ್ಣಿಗೆ ಬೀಳುತ್ತದೆ.